ಚೌಷಠ ಯೋಗಿನಿ ದೇವಾಲಯಗಳು: ಸಾಲಿನಿಂದ ಚಕ್ರಕ್ಕೆ

ಭಾರತೀಯ ದೇವಾಲಯ ವಾಸ್ತುವಿನ ಅಧ್ಯಯನವು ಸಾಮಾನ್ಯವಾಗಿ ಗರ್ಭಗೃಹದಿಂದ ಆರಂಭವಾಗುತ್ತದೆ. ಚೌಕಾಕಾರದ ಕತ್ತಲೆಯ ಕೋಣೆ, ಅದರೊಳಗೆ ಒಂದು ಮೂರ್ತಿ, ಮೇಲೆ ಶಿಖರ, ಮುಂದೆ ಮಂಟಪ ಎಂಬ ವಿನ್ಯಾಸವನ್ನು ನಾಗರ, ದ್ರಾವಿಡ, ವೇಸರ ಶೈಲಿಗಳು ತಮ್ಮ ತಮ್ಮ ರೀತಿಯಲ್ಲಿ ಬೆಳೆಸಿದವು. ಈ ವಿನ್ಯಾಸದ ಹೊರಗೆ ನಿಲ್ಲುವ ಕಟ್ಟಡಗಳ ಗುಂಪೊಂದು ಒಡಿಶಾ ಹಾಗೂ ಮಧ್ಯಭಾರತದಲ್ಲಿದೆ. ಅವುಗಳಿಗೆ ಛಾವಣಿಯಿಲ್ಲ, ಶಿಖರವಿಲ್ಲ. ವೃತ್ತಾಕಾರದ ಗೋಡೆ, ಆ ಗೋಡೆಯ ಒಳಮೈಯಲ್ಲಿ ಸಾಲುಗೂಡುಗಳು, ಪ್ರತಿ ಗೂಡಿನಲ್ಲಿ ಒಬ್ಬ ದೇವಿ, ಮೇಲೆ ತೆರೆದ ಆಕಾಶ. ಚೌಷಠ ಯೋಗಿನಿ ದೇವಾಲಯಗಳೆಂದು ಹೆಸರಾದ ಇವು ಕ್ರಿ.ಶ. ಒಂಬತ್ತರಿಂದ ಹನ್ನೆರಡನೆಯ ಶತಮಾನದ ಅವಧಿಗೆ ಸೇರಿದವು. ‘ಚೌಷಠ’ ಎಂದರೆ ಅರವತ್ತನಾಲ್ಕು.

ಈ ದೇವಾಲಯಗಳ ಬಗೆಗೆ ನಡೆದಿರುವ ಕೆಲಸ ಕಡಿಮೆಯದೇನೂ ಅಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಅಲೆಕ್ಸಾಂಡರ್ ಕನ್ನಿಂಗ್‌ಹ್ಯಾಮ್ ಇವುಗಳಲ್ಲಿ ಕೆಲವನ್ನು ವರದಿ ಮಾಡಿದರು. ವಿದ್ಯಾ ದೆಹೇಜಿಯಾ ಅವರು ೧೯೮೬ರಲ್ಲಿ ಪ್ರಕಟಿಸಿದ ಗ್ರಂಥವು ಇಡೀ ಪರಂಪರೆಯನ್ನು ಒಂದೆಡೆ ತಂದಿತು. ಆದರೆ ಬಹುಪಾಲು ವಿವರಣೆಗಳು ಒಂದೊಂದು ಮೂರ್ತಿಯನ್ನೂ ಬಿಡಿಯಾಗಿ ಗುರುತಿಸಿ, ಅದಕ್ಕೊಂದು ಹೆಸರು ಹಚ್ಚುವ ಕಡೆಗೇ ಒಲಿದಿವೆ. ಯೋಗಿನಿಯ ವಿಷಯದಲ್ಲಿ ಈ ಕ್ರಮ ಸಾಲದು ಎಂಬುದು ಪ್ರಸ್ತುತ ಲೇಖನದ ವಾದ. ಇಲ್ಲಿ ಅಧ್ಯಯನದ ಘಟಕವಾಗಬೇಕಾದುದು ಚಕ್ರ; ಮೂರ್ತಿಯು ಅದರ ಒಂದು ಅರ. ಇದಕ್ಕೆ ಪುರಾವೆ ಕಟ್ಟಡಗಳಲ್ಲಿಯೇ ಇದೆ.

ಹೀರಾಪುರ

ಭುವನೇಶ್ವರದ ಸಮೀಪದ ಹೀರಾಪುರ ಗ್ರಾಮದ ದೇವಾಲಯವು ಈ ಗುಂಪಿನಲ್ಲಿ ಅತ್ಯಂತ ಚಿಕ್ಕದು. ೧೯೫೩ರಲ್ಲಿ ಒಡಿಶಾದ ಇತಿಹಾಸಕಾರ ಕೇದಾರನಾಥ ಮಹಾಪಾತ್ರ ಅವರು ಇದನ್ನು ವಿದ್ವತ್ ಲೋಕದ ಗಮನಕ್ಕೆ ತಂದರು. ಒಳಗಿನ ವ್ಯಾಸವು ಮೂವತ್ತು ಅಡಿಗಳನ್ನು ಮೀರದು. ಗೋಡೆಯ ಎತ್ತರ ಸುಮಾರು ಎಂಟು ಅಡಿ. ಪೂರ್ವಕ್ಕೆ ಚಾಚಿಕೊಂಡ ಕಿರಿದಾದ ಪ್ರವೇಶಮಾರ್ಗವು ವೃತ್ತವನ್ನು ಸೇರುವುದರಿಂದ ಮೇಲಿನಿಂದ ನೋಡಿದಾಗ ಇಡೀ ನಕ್ಷೆಯು ಶಿವಲಿಂಗದ ಪಾಣಿಪೀಠವನ್ನು ಹೋಲುತ್ತದೆ. ಹೊರಗೋಡೆಯ ಗೂಡುಗಳಲ್ಲಿ ಒಂಬತ್ತು ಸ್ತ್ರೀಮೂರ್ತಿಗಳಿದ್ದು, ಅವರನ್ನು ಕಾತ್ಯಾಯನಿಯರೆಂದು ಕರೆಯುವ ರೂಢಿಯಿದೆ. ಒಳಗೋಡೆಯಲ್ಲಿ ಅರವತ್ತು ಗೂಡುಗಳು. ಉಳಿದ ನಾಲ್ವರು ಯೋಗಿನಿಯರಿಗೂ ನಾಲ್ವರು ಭೈರವರಿಗೂ ನಡುವಿನ ಮಂಟಪದಲ್ಲಿ ಸ್ಥಾನವಿದೆ.

ಮೂರ್ತಿಗಳನ್ನು ಕಪ್ಪು ಕ್ಲೋರೈಟ್ ಶಿಲೆಯಲ್ಲಿ ಕೆತ್ತಲಾಗಿದೆ. ಎರಡಡಿಯಷ್ಟು ಎತ್ತರದ ಈ ದೇವಿಯರು ತಮ್ಮ ತಮ್ಮ ವಾಹನಗಳ ಮೇಲೆ ನಿಂತಿದ್ದಾರೆ. ಒಬ್ಬಳು ಬಿಲ್ಲು ಹಿಡಿದಿದ್ದರೆ ಇನ್ನೊಬ್ಬಳು ವಾದ್ಯ ನುಡಿಸುತ್ತಾಳೆ. ವರಾಹಮುಖ, ಗಜಮುಖ, ಸಿಂಹಮುಖದವರೂ ಇದ್ದಾರೆ. ವಾಹನಗಳಲ್ಲಿ ಮೀನು, ಆಮೆಗಳಿರುವಂತೆ ಶವವೂ ಕತ್ತರಿಸಿದ ತಲೆಯೂ ಇವೆ. ಬಹಳ ಮಂದಿಯ ಮುಖದಲ್ಲಿ ಉಗ್ರತೆಯ ಬದಲು ಒಂದು ಬಗೆಯ ನಸುನಗೆ ಇದೆ. ತಂತ್ರವೆಂದೊಡನೆ ಭೀಕರವನ್ನೇ ನಿರೀಕ್ಷಿಸುವವರು ಇಲ್ಲಿ ತಮ್ಮ ಕಲ್ಪನೆಯನ್ನು ತಿದ್ದಿಕೊಳ್ಳಬೇಕಾಗುತ್ತದೆ.

ಪ್ರವೇಶದ್ವಾರಕ್ಕೆ ಎದುರಾಗಿರುವ ಗೂಡಿನ ದೇವಿ ಉಳಿದವರಿಗಿಂತ ತುಸು ದೊಡ್ಡವಳು, ಹತ್ತು ತೋಳುಗಳವಳು. ಗ್ರಾಮಸ್ಥರು ಅವಳನ್ನು ಮಹಾಮಾಯೆಯೆಂದು ಪೂಜಿಸುತ್ತಾರೆ. ಅವಳಿಗೆ ಸೀರೆ ಉಡಿಸುವುದರಿಂದ ಶಿಲ್ಪದ ವಿವರಗಳು ಬಹುತೇಕ ಕಾಣಿಸುವುದಿಲ್ಲ. ಸಂಶೋಧಕನಿಗೆ ಇದು ಅಡ್ಡಿಯೆನಿಸಬಹುದು. ಆದರೆ ಒಂದು ಚಕ್ರದಿಂದ ಒಬ್ಬ ಗ್ರಾಮದೇವತೆಯನ್ನು ಊರು ಹೇಗೆ ಆರಿಸಿಕೊಂಡಿತು ಎಂಬುದಕ್ಕೆ ಈ ಸೀರೆಯೇ ಸಾಕ್ಷಿ. ಅರವತ್ತನಾಲ್ವರಿಗೆ ಸಮನಾಗಿ ಪೂಜೆ ಸಲ್ಲಿಸುವ ತಾಂತ್ರಿಕ ವಿಧಿ ಮರೆಯಾದ ಮೇಲೆ ಬಾಗಿಲಿಗೆ ಎದುರಾದವಳು ಉಳಿದವರ ಪ್ರತಿನಿಧಿಯಾದಳು.

ಈ ದೇವಾಲಯವನ್ನು ಭೌಮಕರ ಅರಸುಮನೆತನದ ಕಾಲಕ್ಕೆ ಸೇರಿಸುವುದು ವಾಡಿಕೆ. ತ್ರಿಭುವನ ಮಹಾದೇವಿಯಂತಹ ರಾಣಿಯರು ಸ್ವತಂತ್ರವಾಗಿ ಆಳಿದ ಮನೆತನವದು. ಸ್ತ್ರೀಪ್ರಭುತ್ವಕ್ಕೂ ಸ್ತ್ರೀದೇವತೆಗಳ ದೇವಾಲಯಕ್ಕೂ ನೇರ ಸಂಬಂಧ ಕಲ್ಪಿಸುವ ಆಕರ್ಷಣೆ ಸಹಜವಾದರೂ ಅದಕ್ಕೆ ಶಾಸನದ ಆಧಾರವಿಲ್ಲ. ಭೇಡಾಘಾಟ್ ಮತ್ತು ಖಜುರಾಹೊಗಳ ಯೋಗಿನಿ ದೇವಾಲಯಗಳು ಪುರುಷರೇ ಆಳಿದ ರಾಜ್ಯಗಳಲ್ಲಿ ಎದ್ದವು ಎಂಬುದನ್ನೂ ಮರೆಯಬಾರದು.

ನಿಂತವರು, ಕುಳಿತವರು, ಕುಣಿಯುವವರು

ಒಡಿಶಾದ ಪಶ್ಚಿಮ ಭಾಗದ ಬಲಾಂಗೀರ್ ಜಿಲ್ಲೆಯ ರಾಣಿಪುರ-ಝರಿಯಾಲ್‌ನಲ್ಲಿ ಬಂಡೆಗಲ್ಲಿನ ಮೇಲೆ ಮತ್ತೊಂದು ವೃತ್ತಾಕಾರದ ದೇವಾಲಯವಿದೆ. ಇಲ್ಲಿನ ಮರಳುಗಲ್ಲಿನ ಮೂರ್ತಿಗಳು ಗಾಳಿಮಳೆಗೆ ಸವೆದಿವೆ. ಆದರೂ ಒಂದು ಸಂಗತಿ ಸ್ಪಷ್ಟ: ಎಲ್ಲ ಯೋಗಿನಿಯರೂ ನೃತ್ಯದ ಒಂದೇ ಭಂಗಿಯಲ್ಲಿದ್ದಾರೆ. ಮಾನವಮುಖದವಳು, ಪ್ರಾಣಿಮುಖದವಳು, ಎಲುಬುಗೂಡಿನಂತಿರುವ ಚಾಮುಂಡೆ ಎಲ್ಲರೂ ಮಂಡಿ ಬಾಗಿಸಿ ಅದೇ ಹೆಜ್ಜೆ ಇಟ್ಟಿದ್ದಾರೆ. ನಡುವೆ ನಾಲ್ಕು ಕಂಬಗಳ ಮಂಟಪದಲ್ಲಿ ಮೂರು ಮುಖ, ಎಂಟು ತೋಳುಗಳ ಶಿವ, ಅವನೂ ನರ್ತಿಸುತ್ತಿದ್ದಾನೆ.

ಜಬಲ್‌ಪುರದ ಬಳಿ ನರ್ಮದೆಯ ದಂಡೆಯ ಭೇಡಾಘಾಟ್‌ನಲ್ಲಿರುವುದು ಕಲಚುರಿ ಅರಸರ ಕಾಲದ ದೇವಾಲಯ. ತ್ರಿಪುರಿಯ ಕಲಚುರಿಗಳ ರಾಜಧಾನಿ ಇಲ್ಲಿಗೆ ಹತ್ತಿರ. ಕನ್ನಿಂಗ್‌ಹ್ಯಾಮ್ ಕೊಟ್ಟ ಅಳತೆಯಂತೆ ಒಳವ್ಯಾಸ ೧೧೬ ಅಡಿ. ಹೀರಾಪುರದ ಕಟ್ಟಡವು ಇದರ ಅಂಗಳದೊಳಗೆ ಹಲವು ಬಾರಿ ಹಿಡಿಸೀತು. ಗೋಡೆಯ ಒಳಗೆ ಕಂಬಗಳ ಮೊಗಸಾಲೆಯಿದ್ದು, ಅದರಲ್ಲಿ ಮಾಡಿದ ಕೋಷ್ಠಗಳಲ್ಲಿ ದೇವಿಯರು ಪದ್ಮಪೀಠದ ಮೇಲೆ ಲಲಿತಾಸನದಲ್ಲಿ ಕುಳಿತಿದ್ದಾರೆ. ಬೇರೆ ಕಾಲದ ಕೆಲವು ಬಿಡಿ ಶಿಲ್ಪಗಳು ಈಚೆಗೆ ಸೇರಿಕೊಂಡಿವೆ. ಅವನ್ನು ಬಿಟ್ಟರೆ ಕುಳಿತ ಭಂಗಿಗೆ ಅಪವಾದವಿಲ್ಲ. ಅಂಗಳದ ಗೌರೀಶಂಕರ ದೇವಾಲಯವು ನಂತರದ್ದೆಂಬುದು ವಿದ್ವಾಂಸರ ಅಭಿಪ್ರಾಯ.

ಹೀಗೆ ಹೀರಾಪುರದಲ್ಲಿ ಎಲ್ಲರೂ ನಿಂತಿದ್ದಾರೆ, ಭೇಡಾಘಾಟ್‌ನಲ್ಲಿ ಎಲ್ಲರೂ ಕುಳಿತಿದ್ದಾರೆ, ರಾಣಿಪುರದಲ್ಲಿ ಎಲ್ಲರೂ ಕುಣಿಯುತ್ತಿದ್ದಾರೆ. ಸಾಮಾನ್ಯ ಪ್ರತಿಮಾಶಾಸ್ತ್ರದಲ್ಲಿ ಭಂಗಿಯು ದೇವತೆಯ ಸ್ವಂತ ಲಕ್ಷಣ. ಮಹಿಷಮರ್ದಿನಿಗೆ ಅವಳದೇ ನಿಲುವು, ಯೋಗನಾರಾಯಣನಿಗೆ ಅವನದೇ ಆಸನ. ಇಲ್ಲಿಯಾದರೋ ಭಂಗಿಯನ್ನು ನಿರ್ಧರಿಸುವುದು ದೇವಿಯಲ್ಲ, ಅವಳು ಸೇರಿರುವ ಚಕ್ರ. ಮುಖ, ಆಯುಧ, ವಾಹನಗಳಲ್ಲಿ ಒಬ್ಬೊಬ್ಬರನ್ನೂ ಬೇರ್ಪಡಿಸಿ ತೋರಿಸಿದ ಶಿಲ್ಪಿಯೇ ಭಂಗಿಯಲ್ಲಿ ಎಲ್ಲರನ್ನೂ ಒಂದು ಮಾಡಿದ್ದಾನೆ. ಈ ಎರಡು ಎಳೆತಗಳ ನಡುವೆಯೇ ಯೋಗಿನಿ ಶಿಲ್ಪದ ಸ್ವಾರಸ್ಯವಿದೆಯೆಂದು ತೋರುತ್ತದೆ.

ಹೆಸರಿನ ಸಮಸ್ಯೆ

ಯೋಗಿನಿಯರ ಹೆಸರುಗಳ ಪಟ್ಟಿಗಳು ಪುರಾಣಗಳಲ್ಲಿಯೂ ತಂತ್ರಗಳಲ್ಲಿಯೂ ಹೇರಳವಾಗಿವೆ. ಸ್ಕಾಂದಪುರಾಣದ ಕಾಶೀಖಂಡ, ಅಗ್ನಿಪುರಾಣ, ಕಾಲಿಕಾಪುರಾಣಗಳು ಒಂದೊಂದು ಪಟ್ಟಿಯನ್ನು ಕೊಡುತ್ತವೆ. ಕರ್ನಾಟಕದ ಉತ್ತರ ಭಾಗವನ್ನೂ ಆಳಿದ ದೇವಗಿರಿಯ ಸೇವುಣರ ಮಂತ್ರಿ ಹೇಮಾದ್ರಿಯು ಹದಿಮೂರನೆಯ ಶತಮಾನದಲ್ಲಿ ತನ್ನ ‘ಚತುರ್ವರ್ಗಚಿಂತಾಮಣಿ’ಯಲ್ಲಿ ಯೋಗಿನಿಯರ ಲಕ್ಷಣಗಳನ್ನು ಸಂಗ್ರಹಿಸಿದನು. ಈ ಪಟ್ಟಿಗಳು ಒಂದನ್ನೊಂದು ಹೋಲುವುದಿಲ್ಲ. ಕೆಲವು ಪಟ್ಟಿಗಳಲ್ಲಿ ಬ್ರಾಹ್ಮಿ, ಮಾಹೇಶ್ವರಿ ಮೊದಲಾದ ಮಾತೃಕೆಯರು ಅರವತ್ತನಾಲ್ವರೊಳಗೆ ಸೇರುತ್ತಾರೆ. ಮತ್ತೆ ಕೆಲವುಗಳಲ್ಲಿ ಅವರ ಸುಳಿವೇ ಇಲ್ಲ.

ಹೀರಾಪುರದ ಪೀಠಗಳಲ್ಲಿ ಹೆಸರು ಬರೆದಿಲ್ಲ. ಆದ್ದರಿಂದ ಅಲ್ಲಿನ ಮೂರ್ತಿಗಳಿಗೆ ಈಗ ಬಳಕೆಯಲ್ಲಿರುವ ಹೆಸರುಗಳೆಲ್ಲ ಆಧುನಿಕರು ಪಟ್ಟಿಗಳ ನೆರವಿನಿಂದ ಇಟ್ಟವು. ಭೇಡಾಘಾಟ್‌ನಲ್ಲಿ ಪರಿಸ್ಥಿತಿ ಬೇರೆ. ಅಲ್ಲಿ ಪೀಠಗಳ ಮೇಲೆ ನಾಗರಲಿಪಿಯಲ್ಲಿ ಹೆಸರುಗಳನ್ನು ಕೊರೆಯಲಾಗಿದೆ: ಕಾಮದಾ, ಜಾಹ್ನವಿ, ಸರ್ವತೋಮುಖಿ ಇತ್ಯಾದಿ. ಮಕರದ ಮೇಲಿರುವವಳು ಜಾಹ್ನವಿ ಎಂಬುದು ಅರ್ಥವಾಗುತ್ತದೆ. ಆದರೆ ಮಹಿಷನನ್ನು ಮರ್ದಿಸುತ್ತಿರುವ, ಯಾರೂ ದುರ್ಗೆಯೆಂದು ಗುರುತಿಸಬಹುದಾದ ದೇವಿಯ ಪೀಠದಲ್ಲಿರುವ ಹೆಸರು ‘ತೇರಂವಾ’. ಖಜುರಾಹೊದ ಯೋಗಿನಿ ದೇವಾಲಯದಲ್ಲಿ ಇದೇ ಮಹಿಷಮರ್ದಿನಿಯ ರೂಪಕ್ಕೆ ‘ಹಿಂಘಲಾಜಾ’ ಎಂಬ ಹೆಸರಿದೆ. ಇದು ಬಲೂಚಿಸ್ತಾನದ ಹಿಂಗಲಾಜ ಕ್ಷೇತ್ರವನ್ನು ನೆನಪಿಸುತ್ತದೆ. ರೂಪ ಒಂದೇ ಇದ್ದಾಗಲೂ ಹೆಸರು ಊರಿನಿಂದ ಊರಿಗೆ ಬದಲಾಗುವುದಾದರೆ, ಹೆಸರಿಲ್ಲದ ಹೀರಾಪುರದ ದೇವಿಯರಿಗೆ ಗ್ರಂಥದ ಪಟ್ಟಿಯಿಂದ ಹೆಸರು ಹುಡುಕುವ ಪ್ರಯತ್ನಕ್ಕೆ ಎಷ್ಟು ಬೆಲೆ? ಆಯಾ ಪ್ರದೇಶದ ಸ್ಥಳೀಯ ದೇವತೆಗಳನ್ನು ಒಳಗೊಳ್ಳುವುದಕ್ಕೆ ಚಕ್ರದಲ್ಲಿ ಅವಕಾಶವಿತ್ತು. ಗೂಡುಗಳ ಸಂಖ್ಯೆ ನಿಶ್ಚಿತವಾಗಿದ್ದರೂ ಗೂಡಿನಲ್ಲಿ ಯಾರು ಎಂಬುದು ನಿಶ್ಚಿತವಿರಲಿಲ್ಲ.

ಸಂಖ್ಯೆಯೂ ಎಲ್ಲೆಡೆ ಒಂದೇ ಅಲ್ಲ. ಎಂಟು ಮಾತೃಕೆಯರ ಎಂಟೆಂಟು ಪರಿವಾರದಿಂದ ಅರವತ್ತನಾಲ್ಕು ಬರುತ್ತದೆ. ಮತ್ಸ್ಯೇಂದ್ರನಾಥನ ಹೆಸರಿನಲ್ಲಿರುವ ‘ಕೌಲಜ್ಞಾನನಿರ್ಣಯ’ವು ಈ ಎಂಟರ ಗಣಿತಕ್ಕೆ ಪ್ರಾಧಾನ್ಯ ನೀಡುತ್ತದೆ. ಭೇಡಾಘಾಟ್ ಜನರ ಬಾಯಲ್ಲಿ ಚೌಷಠ ಯೋಗಿನಿಯೇ ಆದರೂ ಅಲ್ಲಿರುವುದು ಎಂಬತ್ತೊಂದು ಕೋಷ್ಠಗಳು, ಅಂದರೆ ಒಂಬತ್ತರ ಒಂಬತ್ತು. ಎಂಬತ್ತೊಂದರ ಚಕ್ರವನ್ನು ರಾಜರ ಶ್ರೇಯಸ್ಸಿಗೆ ವಿಧಿಸುವ ತಂತ್ರಗ್ರಂಥದ ಆಧಾರದಿಂದ ದೆಹೇಜಿಯಾ ಅವರು ಇದನ್ನು ರಾಜಪ್ರತಿಷ್ಠಿತ ದೇವಾಲಯವೆಂದು ವಿವರಿಸಿದ್ದಾರೆ. ಲಲಿತಪುರದ ಬಳಿಯ ದುಧಹಿಯಲ್ಲಿ ಗೂಡುಗಳ ಸಂಖ್ಯೆ ನಲವತ್ತೆರಡು.

ವೃತ್ತವೇ ಏಕೆ?

ಕನ್ನಡ ನಾಡಿನ ಓದುಗರಿಗೆ ಮಾತೃಕೆಯರು ಹೊಸಬರಲ್ಲ. ಬನವಾಸಿಯ ಕದಂಬರ ಶಾಸನಗಳು ಮಹಾಸೇನನೊಂದಿಗೆ ಮಾತೃಗಣವನ್ನು ಸ್ಮರಿಸುತ್ತವೆ. ಬಾದಾಮಿ ಚಾಲುಕ್ಯರು ಸಪ್ತಮಾತೃಕೆಯರಿಂದ ಪೋಷಿತರಾದವರೆಂದು ತಮ್ಮನ್ನು ಹೇಳಿಕೊಂಡರು. ನಮ್ಮ ದೇವಾಲಯಗಳಲ್ಲಿ, ಕೆರೆಯ ಏರಿಗಳ ಮೇಲೆ ಕಾಣುವ ಸಪ್ತಮಾತೃಕಾ ಫಲಕಗಳಲ್ಲಿ ದೇವಿಯರು ಸಾಲಾಗಿ ಕುಳಿತಿರುತ್ತಾರೆ. ಒಂದು ತುದಿಯಲ್ಲಿ ವೀರಭದ್ರ ಅಥವಾ ವೀಣಾಧರ ಶಿವ, ಇನ್ನೊಂದು ತುದಿಯಲ್ಲಿ ಗಣಪತಿ. ಸಾಲಿಗೆ ಆದಿಯಿದೆ, ಅಂತ್ಯವಿದೆ, ಎರಡೂ ಕಡೆ ಪುರುಷದೇವತೆಗಳ ಕಾವಲಿದೆ. ಬ್ರಾಹ್ಮಿಯಿಂದ ತೊಡಗಿ ಚಾಮುಂಡೆಯಲ್ಲಿ ಮುಗಿಯುವ ಒಂದು ಕ್ರಮವೂ ಇದೆ.

ಈ ಸಾಲು ಬಾಗತೊಡಗಿದುದಕ್ಕೆ ನಿದರ್ಶನವೊಂದು ಐಹೊಳೆಯಲ್ಲಿಯೇ ಸಿಗುತ್ತದೆ. ಆರನೆಯ ಶತಮಾನದ ರಾವಣಫಡಿ ಗುಹೆಯ ಪಕ್ಕದ ಕೋಣೆಯಲ್ಲಿ ಹತ್ತು ತೋಳುಗಳ ಶಿವ ನರ್ತಿಸುತ್ತಿದ್ದಾನೆ. ಅವನೊಡನೆ ಮಾತೃಕೆಯರು ಕೋಣೆಯ ಗೋಡೆಗಳುದ್ದಕ್ಕೂ, ಆಳೆತ್ತರದಲ್ಲಿ, ನೃತ್ಯಭಂಗಿಯಲ್ಲಿಯೇ ನಿಂತಿದ್ದಾರೆ. ಒಳಗೆ ಕಾಲಿಟ್ಟವನನ್ನು ಅವರು ಮೂರು ಕಡೆಯಿಂದ ಸುತ್ತುವರಿಯುತ್ತಾರೆ. ಫಲಕದ ಮುಂದೆ ನಿಂತು ನೋಡುವ ಅನುಭವಕ್ಕೂ ಇದಕ್ಕೂ ಬಹಳ ಅಂತರವಿದೆ. ರಾಣಿಪುರ-ಝರಿಯಾಲ್‌ನ ನೃತ್ಯಶಿವನನ್ನೂ ಅವನ ಸುತ್ತಲಿನ ಯೋಗಿನಿಯರನ್ನೂ ನೋಡುವಾಗ ರಾವಣಫಡಿ ನೆನಪಾಗದೆ ಇರದು. ಒಂದರಿಂದ ಇನ್ನೊಂದು ಹುಟ್ಟಿತೆಂದು ಹೇಳಲು ಮೂರು ಶತಮಾನಗಳ, ನೂರಾರು ಹರದಾರಿಗಳ ಅಂತರ ಅಡ್ಡಬರುತ್ತದೆ. ನರ್ತಿಸುವ ಶಿವ, ಜೊತೆಗೆ ನರ್ತಿಸುವ ತಾಯಂದಿರು ಎಂಬ ಕಲ್ಪನೆ ಮಾತ್ರ ಸಮಾನವಾದುದು. ನಾಲ್ಕನೆಯ ಗೋಡೆಯೂ ಮುಚ್ಚಿಕೊಂಡು ವೃತ್ತ ಪೂರ್ಣವಾದದ್ದು ಯೋಗಿನಿ ದೇವಾಲಯಗಳಲ್ಲಿ.

ಗ್ರಂಥಗಳೂ ಈ ದಿಕ್ಕಿಗೇ ಬೆರಳು ತೋರುತ್ತವೆ. ಆರನೆಯ ಶತಮಾನದ ವರಾಹಮಿಹಿರನು ‘ಬೃಹತ್ಸಂಹಿತೆ’ಯಲ್ಲಿ ಯಾವ ದೇವತೆಯನ್ನು ಯಾರು ಪ್ರತಿಷ್ಠಾಪಿಸಬೇಕೆಂದು ಹೇಳುವಾಗ ಮಾತೃಕೆಯರ ಪ್ರತಿಷ್ಠೆಯನ್ನು ಮಂಡಲಕ್ರಮ ಬಲ್ಲವರಿಗೆ ವಹಿಸುತ್ತಾನೆ. ಮಂಡಲವೆಂದರೆ ವೃತ್ತ, ಕ್ರಮವೆಂದರೆ ಅದರೊಳಗಿನ ಸ್ಥಾನನಿರ್ದೇಶ. ಕಲ್ಲಿನ ವೃತ್ತಗಳು ಏಳುವುದಕ್ಕೆ ಮೂರು ಶತಮಾನಗಳ ಮುಂಚೆಯೇ ಅಂಥ ವಿಧಿಯೊಂದು ರೂಢಿಯಲ್ಲಿತ್ತು. ಹಿಟ್ಟು, ಬಣ್ಣ, ಬಟ್ಟೆಗಳಲ್ಲಿ ಬರೆದು ಅಳಿಸುತ್ತಿದ್ದ ಮಂಡಲವೇ ಅರಸರ ನೆರವು ದೊರೆತಾಗ ಕಲ್ಲಿನ ಗೋಡೆಯಾಯಿತೆಂದು ಊಹಿಸುವುದು ಅಸಂಗತವಾಗಲಾರದು.

ಛಾವಣಿಯಿಲ್ಲದಿರುವುದಕ್ಕೂ ಕಾರಣವಿದೆ. ಯೋಗಿನಿಯರು ಖೇಚರಿಯರು, ಆಕಾಶದಲ್ಲಿ ಸಂಚರಿಸುವವರು. ಅವರು ಗುಂಪಾಗಿ ಇಳಿದುಬರುವುದನ್ನೂ ಸಾಧಕರೊಡನೆ ಕೂಡುವುದನ್ನೂ ತಂತ್ರಗಳು ‘ಮೇಲಾಪ’ವೆಂದು ಕರೆಯುತ್ತವೆ. ಕಲ್ಹಣನ ‘ರಾಜತರಂಗಿಣಿ’ಯಲ್ಲಿ ಶೂಲಕ್ಕೇರಿಸಲ್ಪಟ್ಟ ಸಂಧಿಮತಿಯ ಎಲುಬುಗಳನ್ನು ನಡುರಾತ್ರಿಯಲ್ಲಿ ಯೋಗಿನಿಯರು ಜೋಡಿಸಿ ಜೀವ ತುಂಬುವ ಪ್ರಸಂಗವಿದೆ. ಕನ್ನಡಕ್ಕೆ ಇನ್ನೂ ಹತ್ತಿರದ ಸಾಕ್ಷ್ಯ ಸೋಮದೇವಸೂರಿಯದು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದಲ್ಲಿ, ವೇಮುಲವಾಡ ಚಾಲುಕ್ಯರ ಆಶ್ರಯದಲ್ಲಿ ೯೫೯ರಲ್ಲಿ ಮುಗಿದ ಅವನ ‘ಯಶಸ್ತಿಲಕ’ದಲ್ಲಿ ಚಂಡಮಾರಿಯ ಗುಡಿಗೆ ಮಹಾಯೋಗಿನಿಯರು ನೆರೆಯುವ ವರ್ಣನೆ ಬರುತ್ತದೆ. ಅದೇ ಕಥೆಯನ್ನು ಜನ್ನನು ೧೨೦೯ರ ‘ಯಶೋಧರಚರಿತೆ’ಯಲ್ಲಿ ಕನ್ನಡಿಸಿದ್ದು ಎಲ್ಲರಿಗೂ ತಿಳಿದುದೇ. ಸೋಮದೇವನು ಜೈನ; ಅವನ ಉದ್ದೇಶ ಹಿಂಸೆಯ ಖಂಡನೆ. ಆದರೂ ಖಂಡಿಸುವವನ ವರ್ಣನೆಯು ಹತ್ತನೆಯ ಶತಮಾನದ ದಖ್ಖನಿನಲ್ಲಿ ಯೋಗಿನಿಯರ ಕಲ್ಪನೆ ಎಷ್ಟು ಪರಿಚಿತವಾಗಿತ್ತೆಂಬುದನ್ನು ತಿಳಿಸುತ್ತದೆ. ಹೀರಾಪುರ, ಭೇಡಾಘಾಟ್‌ಗಳ ಕಟ್ಟಡಗಳೂ ಬಹುಮಟ್ಟಿಗೆ ಇದೇ ಕಾಲದವು. ಆಕಾಶದಿಂದ ಇಳಿಯುವವರಿಗಾಗಿ ಕಟ್ಟಿದ ಮನೆಗೆ ಮಾಡು ಹೊದಿಸುವುದು ಅರ್ಥಹೀನ.

ಖಜುರಾಹೊದ ದೇವಾಲಯವು ಆಯತಾಕಾರದಲ್ಲಿದೆ ಎಂಬ ಆಕ್ಷೇಪಕ್ಕೆ ಇಲ್ಲಿ ಉತ್ತರಿಸಬೇಕು. ಒಂಬತ್ತನೆಯ ಶತಮಾನದ ಕೊನೆಯ ಭಾಗದ್ದೆಂದು ಭಾವಿಸಲಾದ ಈ ಗ್ರಾನೈಟ್ ಕಟ್ಟಡದಲ್ಲಿ ಮೂಲತಃ ಅರವತ್ತೈದು ಕೋಷ್ಠಗಳಿದ್ದವು. ವೃತ್ತವಿಲ್ಲದಿದ್ದರೂ ತೆರೆದ ಅಂಗಳವಿದೆ, ಕೋಷ್ಠಗಳು ಅಂಗಳವನ್ನು ಸುತ್ತುವರಿದು ಒಳಮುಖವಾಗಿವೆ. ಆದ್ದರಿಂದ ಚಕ್ರವೆಂಬುದನ್ನು ಜ್ಯಾಮಿತಿಯ ಕಟ್ಟುನಿಟ್ಟಿನ ಅರ್ಥದಲ್ಲಿ ತೆಗೆದುಕೊಳ್ಳದೆ, ಒಳಮುಖವಾಗಿ ಸುತ್ತುವರಿಯುವಿಕೆ ಎಂದು ತಿಳಿಯುವುದು ಉಚಿತ. ವೃತ್ತವು ಅದರ ಅತ್ಯಂತ ಪರಿಪೂರ್ಣ ರೂಪ. ಏಕೆಂದರೆ ಅಲ್ಲಿ ಮೂಲೆಯಿಲ್ಲ, ಮೊದಲಿನವಳೂ ಕೊನೆಯವಳೂ ಇಲ್ಲ.

ಮಿತಾವಲಿ ಮತ್ತು ಸಂಸತ್ ಭವನ

ಮಧ್ಯಪ್ರದೇಶದ ಮುರೈನಾ ಜಿಲ್ಲೆಯ ಮಿತಾವಲಿಯಲ್ಲಿ ಗುಡ್ಡದ ಮೇಲಿರುವ ದೇವಾಲಯವು ಈಚಿನ ವರ್ಷಗಳಲ್ಲಿ ಬಹಳ ಪ್ರಸಿದ್ಧಿಗೆ ಬಂದಿದೆ. ಹನ್ನೊಂದನೆಯ ಶತಮಾನದ ಕಚ್ಛಪಘಾತ ಅರಸು ದೇವಪಾಲನ ಹೆಸರಿನೊಂದಿಗೆ ಇದನ್ನು ಜೋಡಿಸುವ, ವಿಕ್ರಮ ಸಂವತ್ ೧೩೮೦ರ (ಕ್ರಿ.ಶ. ೧೩೨೩) ಶಾಸನವೊಂದು ಇಲ್ಲಿದೆ. ಸುತ್ತಲಿನ ಕೋಷ್ಠಗಳಲ್ಲಿ ಈಗ ಇರುವುದು ಶಿವಲಿಂಗಗಳು, ಯೋಗಿನಿಯರು ಇಲ್ಲ. ‘ಏಕತ್ತರಸೋ ಮಹಾದೇವ’ ಎಂಬ ಸ್ಥಳೀಯ ಹೆಸರೂ ಈ ಬದಲಾವಣೆಯನ್ನೇ ಸೂಚಿಸುತ್ತದೆ.

ದೆಹಲಿಯ ಸಂಸತ್ ಭವನಕ್ಕೆ ಇದೇ ಮಾದರಿ ಎಂಬ ಮಾತು ಪ್ರಚಲಿತವಾಗಿದೆ. ಎಡ್ವಿನ್ ಲಟ್ಯನ್ಸ್ ಮತ್ತು ಹರ್ಬರ್ಟ್ ಬೇಕರ್ ವಿನ್ಯಾಸಗೊಳಿಸಿ ೧೯೨೧ರಿಂದ ೧೯೨೭ರವರೆಗೆ ನಿರ್ಮಾಣವಾದ ಆ ಕಟ್ಟಡಕ್ಕೆ ೨೦೨೩ರಲ್ಲಿ ಸಂವಿಧಾನ ಸದನವೆಂದು ಹೆಸರಾಯಿತು. ಈ ವಾಸ್ತುಶಿಲ್ಪಿಗಳು ಮಿತಾವಲಿಯನ್ನು ಅನುಸರಿಸಿದರೆಂಬುದಕ್ಕೆ ಲಿಖಿತ ದಾಖಲೆ ಒದಗಿಲ್ಲ. ದಾಖಲೆಯ ಮಾತು ಹಾಗಿರಲಿ, ರಚನೆಯ ತತ್ವವೇ ಬೇರೆ. ಸಂಸತ್ ಭವನದ ೧೪೪ ಕಂಬಗಳು ಹೊರಮುಖವಾಗಿ, ನಗರದ ಕಡೆಗೆ ನಿಂತಿವೆ. ಮಿತಾವಲಿಯ ಕಂಬಗಳು ಒಳ ಅಂಗಳದ ಕಡೆಗಿವೆ. ಹೊರಗಿನವನಿಗೆ ಕಾಣುವುದು ಗೋಡೆ. ಒಂದು ಪ್ರದರ್ಶಿಸುವ ವೃತ್ತ, ಇನ್ನೊಂದು ಮರೆಮಾಡುವ ವೃತ್ತ. ಹೋಲಿಕೆಯಿಂದ ಪ್ರವಾಸಿಗರು ಹೆಚ್ಚಿರಬಹುದು; ದೇವಾಲಯದ ಅರ್ಥ ಹೆಚ್ಚಿಲ್ಲ.

ಚದುರಿದ ಚಕ್ರಗಳು

ಯೋಗಿನಿ ಪಂಥದ ಆಚರಣೆ ನಿಂತ ಮೇಲೆ ಈ ದೇವಾಲಯಗಳಿಗೆ ಊರಿನ ರಕ್ಷಣೆಯೂ ತಪ್ಪಿತು. ಹಲವು ಕಡೆ ಕಟ್ಟಡವೇ ನಾಶವಾಗಿ ಮೂರ್ತಿಗಳು ಮಾತ್ರ ಉಳಿದವು. ಕಾಂಚೀಪುರದ ಪ್ರದೇಶದಲ್ಲಿ ದೊರೆತ ಹತ್ತನೆಯ ಶತಮಾನದ ಯೋಗಿನಿ ಶಿಲ್ಪಗಳ ಗುಂಪನ್ನು ೧೯೨೬ರಲ್ಲಿ ಫ್ರೆಂಚ್ ವಿದ್ವಾಂಸ ಜೂವೊ-ದುಬ್ರೈ ಸಂಗ್ರಹಿಸಿದರು. ವ್ಯಾಪಾರಿಗಳ ಮೂಲಕ ಅವು ಲಂಡನ್, ವಾಷಿಂಗ್ಟನ್, ಡೆಟ್ರಾಯಿಟ್, ಟೊರಾಂಟೊ ಮೊದಲಾದ ನಗರಗಳ ವಸ್ತುಸಂಗ್ರಹಾಲಯಗಳಿಗೆ ಚದುರಿಹೋದವು. ಎಲ್ಲವೂ ಕುಳಿತ ಭಂಗಿಯವು, ಅಳತೆಯೂ ಸಮಾನ. ಆದ್ದರಿಂದಲೇ ಇವು ಒಂದೇ ಚಕ್ರದವೆಂದು ಗುರುತಿಸಲು ಸಾಧ್ಯವಾಯಿತು. ಚಕ್ರವು ಭಂಗಿಯನ್ನು ನಿಯಂತ್ರಿಸುತ್ತದೆ ಎಂಬ ತತ್ವಕ್ಕೆ ಇಂತಹ ದುರದೃಷ್ಟಕರ ಸಮರ್ಥನೆಯೂ ದೊರೆಯುತ್ತದೆ. ಬಿಡಿಯಾಗಿ ಪೀಠದ ಮೇಲಿಟ್ಟು ದೀಪ ಬಿಟ್ಟಾಗ ಈ ಶಿಲ್ಪಗಳು ಸುಂದರವಾಗಿಯೇ ಕಾಣುತ್ತವೆ. ಆದರೆ ಎಡಬಲದಲ್ಲಿ ಯಾರಿದ್ದರು, ಎದುರಿಗೆ ಯಾರಿದ್ದರು ಎಂಬ ಪ್ರಶ್ನೆಗೆ ಅಲ್ಲಿ ಉತ್ತರ ಸಿಗುವುದಿಲ್ಲ.

ಉತ್ತರಪ್ರದೇಶದ ಬುಂದೇಲಖಂಡದ ಲೋಖರಿ ಗ್ರಾಮದ ಪ್ರಾಣಿಮುಖದ ಯೋಗಿನಿಯರ ಕಥೆ ಇನ್ನೂ ಈಚಿನದು. ಅಲ್ಲಿಂದ ಕಳವಾದ ವೃಷಾನನಾ ಮೂರ್ತಿಯು ಪ್ಯಾರಿಸ್‌ನಿಂದ ೨೦೧೩ರಲ್ಲಿ ಭಾರತಕ್ಕೆ ಮರಳಿ, ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶಿತವಾಯಿತು. ಅದೇ ಊರಿನ ಮೇಕೆಮುಖದ ಯೋಗಿನಿಯು ಇಂಗ್ಲೆಂಡಿನ ಮನೆಯೊಂದರ ತೋಟದಲ್ಲಿ ಪತ್ತೆಯಾಗಿ, ೨೦೨೨ರ ಮಕರ ಸಂಕ್ರಾಂತಿಯ ದಿನ ಲಂಡನ್ನಿನ ಭಾರತೀಯ ಹೈಕಮಿಷನ್ನಿಗೆ ಹಸ್ತಾಂತರವಾಯಿತು. ಇಂತಹ ಮರಳಿಕೆಗಳು ಸಂತೋಷದ ವಿಷಯ. ಮೂರ್ತಿ ಮರಳಿದರೂ ಅದರ ಸ್ಥಾನ ಮರಳುವುದಿಲ್ಲ ಎಂಬುದನ್ನು ಮಾತ್ರ ಗಮನದಲ್ಲಿಡಬೇಕು.

ಈ ಕಾರಣದಿಂದ, ಉಳಿದಿರುವ ಚಕ್ರಗಳಲ್ಲಿ ಪ್ರತಿ ಮೂರ್ತಿಯ ಗೂಡಿನ ಸಂಖ್ಯೆ, ಅದು ನೋಡುವ ದಿಕ್ಕು, ಅಕ್ಕಪಕ್ಕದ ಮೂರ್ತಿಗಳು, ಪೀಠದ ಅಳತೆ ಇವುಗಳ ದಾಖಲಾತಿಯು ಹೆಸರು ಹುಡುಕುವ ಕೆಲಸಕ್ಕಿಂತ ಮೊದಲು ನಡೆಯಬೇಕಾಗಿದೆ. ಭೇಡಾಘಾಟ್‌ನಲ್ಲಿ ಹೊರಗಿನಿಂದ ಬಂದು ಸೇರಿದ ಮೂರ್ತಿಗಳನ್ನು ಮೂಲದವುಗಳಿಂದ ಬೇರ್ಪಡಿಸಿ ನಕ್ಷೆ ಬರೆಯುವುದು, ರಾಣಿಪುರದ ಸವೆಯುತ್ತಿರುವ ಮರಳುಗಲ್ಲನ್ನು ಮೂರು ಆಯಾಮದ ಛಾಯಾಚಿತ್ರಣದಿಂದ ಹಿಡಿದಿಡುವುದು ಇವು ತುರ್ತಿನ ಕೆಲಸಗಳು. ಖಜುರಾಹೊದಲ್ಲಿ ಅರವತ್ತೈದರ ಪೈಕಿ ಮೂವತ್ತೈದರಷ್ಟು ಕೋಷ್ಠಗಳು ಈಗ ನಿಂತಿವೆ. ಅವುಗಳ ದೇವಿಯರಲ್ಲಿ ಉಳಿದಿರುವವರು ಮೂವರು, ಬ್ರಹ್ಮಾಣಿ, ಮಾಹೇಶ್ವರಿ ಮತ್ತು ಹಿಂಘಲಾಜಾ. ಅವರು ಅಲ್ಲಿನ ವಸ್ತುಸಂಗ್ರಹಾಲಯದಲ್ಲಿದ್ದಾರೆ, ಕೋಷ್ಠಗಳು ಬಯಲಿನಲ್ಲಿ ಬರಿದಾಗಿವೆ.